ಕಿವಿರಿನಿಂದ ಕಿಣ್ವದವರೆಗೆ: ಮೀನಿನ ತಾಜಾತನವನ್ನು ಅರಿಯುವ ಬಗೆಗಳ ಚರಿತ್ರೆ

1. ಪೀಠಿಕೆ

ಕರಾವಳಿಯ ಯಾವ ಮೀನು ಮಾರುಕಟ್ಟೆಯಲ್ಲಿಯೂ ದಿನನಿತ್ಯ ಕಾಣುವ ಕ್ರಿಯೆಯೊಂದಿದೆ. ಕೊಳ್ಳುವವರು ಬುಟ್ಟಿಯಿಂದ ಬಂಗುಡೆಯೊಂದನ್ನು ಎತ್ತಿ, ಕಿವಿರಿನ ಮುಚ್ಚಳವನ್ನು ಬೆರಳಿನಿಂದ ಬಿಡಿಸಿ ಒಳಗಿನ ಬಣ್ಣ ನೋಡುತ್ತಾರೆ. ಹೆಬ್ಬೆರಳಿನಿಂದ ಬೆನ್ನನ್ನು ಒತ್ತುತ್ತಾರೆ. ಕಣ್ಣನ್ನು ಗಮನಿಸುತ್ತಾರೆ, ಮೂಸುತ್ತಾರೆ. ಇದೆಲ್ಲ ಕೆಲವೇ ಕ್ಷಣಗಳಲ್ಲಿ ಮುಗಿದು ತೀರ್ಮಾನ ಹೊರಬೀಳುತ್ತದೆ. 1984ರಲ್ಲಿ ಜಪಾನಿನ ವಿಜ್ಞಾನಿ ಇಸಾವೊ ಕರುಬೆ ಮತ್ತು ಅವರ ಸಹೋದ್ಯೋಗಿಗಳು ಇದೇ ಪ್ರಶ್ನೆಗೆ ಮೂರು ಕಿಣ್ವಗಳ ಹಾಗೂ ಒಂದು ಆಮ್ಲಜನಕ ವಿದ್ಯುದಗ್ರದ ನೆರವಿನಿಂದ ಉತ್ತರ ಕಂಡುಕೊಳ್ಳುವ ವಿಧಾನವನ್ನು ಪ್ರಕಟಿಸಿದರು. ಬೆರಳು ಕೇಳಿದ ಪ್ರಶ್ನೆಯನ್ನೇ ಉಪಕರಣವೂ ಕೇಳಿತು: ಈ ಮೀನು ಸತ್ತು ಎಷ್ಟು ಕಾಲವಾಯಿತು, ಇದನ್ನು ತಿನ್ನಬಹುದೇ?

ಈ ಎರಡು ಪರೀಕ್ಷೆಗಳನ್ನು ಬೇರೆ ಬೇರೆ ಕಪಾಟುಗಳಲ್ಲಿಟ್ಟು ನೋಡುವುದು ನಮ್ಮ ಅಧ್ಯಯನಗಳ ರೂಢಿಯಾಗಿದೆ. ಮೊದಲನೆಯದು ಜಾನಪದ, ಎರಡನೆಯದು ವಿಜ್ಞಾನ. ಒಂದು ಅನುಭವ, ಇನ್ನೊಂದು ಜ್ಞಾನ ಎಂಬ ವಿಭಜನೆ ಇದರ ಹಿಂದಿದೆ. ಈ ವಿಭಜನೆಯನ್ನು ಒಪ್ಪಿಕೊಂಡರೆ ಚರಿತ್ರೆಯ ಒಂದು ಮುಖ್ಯ ಎಳೆ ಕೈತಪ್ಪುತ್ತದೆ. ಮೀನಿನ ತಾಜಾತನವನ್ನು ಅಳೆಯುವ ಆಧುನಿಕ ವಿಧಾನಗಳ ಬೆನ್ನಿಗೆ ಮೀನು ಹಿಡಿಯುವವರ, ಮಾರುವವರ, ಅಡುಗೆ ಮಾಡುವವರ ದೀರ್ಘಕಾಲದ ಅರಿವು ನಿಂತಿದೆ. ಹಾಗೆಯೇ ಆ ಅರಿವಿಗೆ ನಿಲುಕದ ಅಪಾಯಗಳೂ ಇವೆ. ಈ ಎರಡನ್ನೂ ಒಟ್ಟಿಗೆ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ತಾಜಾತನವನ್ನು ತೀರ್ಮಾನಿಸುವ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಸಾಗಿತು ಎಂಬುದು ಇಲ್ಲಿನ ಮೂಲ ಪ್ರಶ್ನೆ.

2. ನುಡಿಯೊಳಗಿನ ವರ್ಗೀಕರಣ

ಕನ್ನಡದ ಶಿಷ್ಟ ಗ್ರಂಥ ಪರಂಪರೆಯಲ್ಲಿ ಮೀನಿನ ಬಗೆಗಿನ ತಿಳಿವಳಿಕೆ ವಿರಳವಾಗಿ ದಾಖಲಾಗಿದೆ. ಮೂರನೆಯ ಮಂಗರಸನ 'ಸೂಪಶಾಸ್ತ್ರ' ಸಸ್ಯಾಹಾರದ ಪಾಕಗಳಿಗೆ ಮೀಸಲಾದ ಕೃತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಭಾಗವಿದ್ದು, ಅಲ್ಲಿ ಮೀನುಗಳ ಬಗೆಗಳು, ಅವುಗಳಿಗೆ ಒಡ್ಡುವ ಆಹಾರ, ಗಾಳ ಹಾಕುವ ಕ್ರಮ ನಿರೂಪಿತವಾಗಿವೆ. ಆದರೆ ಅದು ಅರಸನ ವಿನೋದದ ದೃಷ್ಟಿ. ಮೀನನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರ ತಿಳಿವಳಿಕೆ ಓಲೆಗರಿಗೆ ಏರಲಿಲ್ಲ. ಅದು ಉಳಿದದ್ದು ಮಾತಿನಲ್ಲಿ, ಕೈಯ ಅಭ್ಯಾಸದಲ್ಲಿ.

ಆದ್ದರಿಂದ ಮಾತನ್ನೇ ಆಕರವಾಗಿ ಹಿಡಿಯಬೇಕಾಗುತ್ತದೆ. ಆಹಾರ ಕೆಡುವುದನ್ನು ಹೇಳಲು ಕನ್ನಡದಲ್ಲಿ ಒಂದೇ ಪದವಿಲ್ಲ. ಬೇಯಿಸಿದ ಅನ್ನ, ಸಾರು ಹಳಸುತ್ತವೆ. ಹಣ್ಣು, ಮೀನು, ಮಾಂಸ ಕೊಳೆಯುತ್ತವೆ. ಎಣ್ಣೆ, ತುಪ್ಪ, ಕೊಬ್ಬರಿ ಕಮಟಾಗುತ್ತವೆ. ಕಾಳು, ಹಿಟ್ಟು ಮುಗ್ಗುತ್ತವೆ. ಇವು ಪರ್ಯಾಯ ಪದಗಳಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ಕೇಳುವವರಿಗೆ ಅಸಹಜವೆನಿಸುತ್ತದೆ. ಆಹಾರ ವಿಜ್ಞಾನವು ಸೂಕ್ಷ್ಮಜೀವಿಗಳಿಂದಾಗುವ ಕೆಡುವಿಕೆ, ಕೊಬ್ಬಿನ ಉತ್ಕರ್ಷಣ, ತೇವದಿಂದ ಬೆಳೆಯುವ ಬೂಷ್ಟು ಎಂದು ಬೇರ್ಪಡಿಸುವ ಕ್ರಿಯೆಗಳು ಈ ಪದಗಳೊಡನೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತವೆ. ಕೊಬ್ಬು ಹೆಚ್ಚಿರುವ ಬೂತಾಯಿಯನ್ನು ಸರಿಯಾಗಿ ಒಣಗಿಸದಿದ್ದರೆ ಕಮಟು ಬರುತ್ತದೆ; ಹಸಿಯಾಗಿಯೇ ಬಿಸಿಲಿಗೆ ಬಿಟ್ಟರೆ ಕೊಳೆಯುತ್ತದೆ. ಒಂದೇ ಮೀನು ಎರಡು ಬಗೆಯಲ್ಲಿ ಕೆಡುವುದನ್ನು ನುಡಿ ಗುರುತಿಸಿಕೊಂಡಿದೆ.

'ಹಸಿಮೀನು' ಎಂಬ ಪದವೂ ಗಮನಾರ್ಹ. 'ಹಸಿ' ಎಂದರೆ ಬೇಯಿಸದಿರುವುದು ಎಂಬ ಅರ್ಥವಷ್ಟೇ ಅಲ್ಲ, ತೇವವಿರುವುದು, ಒಣಗದಿರುವುದು, ಎಳೆಯದಾಗಿರುವುದು ಎಂಬ ಛಾಯೆಗಳೂ ಇವೆ. ಹಸಿಮಣ್ಣು, ಹಸಿಗಾಯ, ಹಸಿಗೂಸು ಎಂಬ ಪ್ರಯೋಗಗಳನ್ನು ನೆನೆಯಬಹುದು. ಇಂದು ಎಲ್ಲೆಡೆ ಬಳಕೆಯಲ್ಲಿರುವ 'ತಾಜಾ' ಪಾರಸಿ ಮೂಲದಿಂದ ಬಂದದ್ದು. 'ಹಸಿ' ವಸ್ತುವಿನ ಸ್ಥಿತಿಯನ್ನು ಹೇಳಿದರೆ, 'ತಾಜಾ' ಮಾರಾಟದ ಮಾತಾಗಿ ಅದರ ಯೋಗ್ಯತೆಯನ್ನು ಸಾರುತ್ತದೆ.

ಇನ್ನು 'ಕಿಣ್ವ'. ಪ್ರಾಚೀನ ಸಂಸ್ಕೃತದಲ್ಲಿ ಇದು ಮದ್ಯ ತಯಾರಿಕೆಯಲ್ಲಿ ಬಳಸುವ ಹುದುಗನ್ನು ಸೂಚಿಸುತ್ತಿತ್ತು. ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣದಲ್ಲಿ ಕಿಣ್ವದ ಪ್ರಸ್ತಾಪವಿದೆ. ಯುರೋಪಿನಲ್ಲಿ 1870ರ ದಶಕದಲ್ಲಿ ಜರ್ಮನಿಯ ಕ್ಯೂನೆ 'ಎನ್ಜೈಮ್' ಎಂಬ ಪದವನ್ನು ಟಂಕಿಸಿದಾಗ ಅವನೂ ಗ್ರೀಕ್ ಭಾಷೆಯ ಹುದುಗಿನ ಪದವನ್ನೇ ಆಧರಿಸಿದ. ಪಾರಿಭಾಷಿಕ ಪದವನ್ನು ಹುಡುಕಿದ ಭಾರತೀಯ ಭಾಷೆಗಳ ವಿದ್ವಾಂಸರು ಹೆಂಡದ ಗಡಿಗೆಯ ಪದವನ್ನು ಪ್ರಯೋಗಶಾಲೆಗೆ ತಂದದ್ದು ಹೀಗೆ ಸಾರ್ಥಕವಾಗಿದೆ. ಹುದುಗಿನ ಅರಿವು ಎರಡೂ ಕಡೆ ಮೊದಲು ಮನೆಯದಾಗಿತ್ತು.

3. ಬೆರಳಿನ ಶಾಸ್ತ್ರ

ಕರ್ನಾಟಕದ ಕರಾವಳಿಯಲ್ಲಿ ಮೊಗವೀರ, ಖಾರ್ವಿ, ಹರಿಕಾಂತ, ಗಾಬಿತ, ಅಂಬಿಗ ಮೊದಲಾದ ಸಮುದಾಯಗಳು ಮೀನುಗಾರಿಕೆಯನ್ನು ಕುಲಕಸುಬಾಗಿ ನಡೆಸಿಕೊಂಡು ಬಂದಿವೆ. ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ಕಡಲಿಗಿಳಿಯುವುದು ಗಂಡಸರ ಕೆಲಸ; ದಡಕ್ಕೆ ಬಂದ ಮೀನನ್ನು ವಿಂಗಡಿಸುವುದು, ಮಾರುವುದು, ಉಪ್ಪು ಹಾಕುವುದು, ಒಣಗಿಸುವುದು ಹೆಂಗಸರ ಕೆಲಸ. ಆದ್ದರಿಂದ ತಾಜಾತನದ ತೀರ್ಮಾನ ಪ್ರಧಾನವಾಗಿ ಮಹಿಳೆಯರ ಜ್ಞಾನಕ್ಷೇತ್ರವಾಗಿದೆ.

ಈ ಪರೀಕ್ಷೆಯ ಲಕ್ಷಣಗಳನ್ನು ಕ್ರಮವಾಗಿ ಜೋಡಿಸಿದರೆ ಅದೊಂದು ವ್ಯವಸ್ಥಿತ ಪದ್ಧತಿಯಾಗಿ ಕಾಣುತ್ತದೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಗುಳಿಬಿದ್ದು ಮಸುಕಾಗಿದ್ದರೆ ಮೀನು ಹಳತು. ಕಿವಿರು ಕೆಂಪಾಗಿರಬೇಕು, ಕಂದಿ ಬೂದಿಬಣ್ಣಕ್ಕೆ ತಿರುಗಿದ್ದರೆ, ಲೋಳೆ ದಪ್ಪವಾಗಿದ್ದರೆ ಸಂದೇಹ. ಒತ್ತಿದ ಬೆರಳಿನ ಗುಳಿ ಕೂಡಲೇ ಮಾಯವಾಗಬೇಕು. ಹೊಟ್ಟೆ ಬಿಗಿಯಾಗಿರಬೇಕು. ಸಿಗಡಿಯಾದರೆ ತಲೆ ದೇಹಕ್ಕೆ ಬಿಗಿಯಾಗಿ ಅಂಟಿಕೊಂಡಿರಬೇಕು, ಚಿಪ್ಪಿನ ಮೇಲೆ ಕಪ್ಪು ಕಲೆ ಮೂಡಿರಬಾರದು.

ಇಲ್ಲಿ ಮುಖ್ಯವಾದ ಸಂಗತಿಯೆಂದರೆ ಎಲ್ಲ ಮೀನಿಗೂ ಒಂದೇ ಅಳತೆಗೋಲನ್ನು ಹಿಡಿಯದಿರುವುದು. ಹೊಟ್ಟೆ ಒಡೆದ ಬೂತಾಯಿ ಕೊಳೆತ ಬೂತಾಯಿಯೇ ಆಗಿರಬೇಕೆಂದಿಲ್ಲ. ಹೊಟ್ಟೆ ತುಂಬ ತಿಂದಿರುವಾಗ ಹಿಡಿದ ಬೂತಾಯಿಯ ಜೀರ್ಣಕಿಣ್ವಗಳು ಸಾವಿನ ನಂತರ ಅದರ ಹೊಟ್ಟೆಯ ಗೋಡೆಯನ್ನೇ ಕರಗಿಸುತ್ತವೆ; ಕೆಲವೇ ಗಂಟೆಗಳಲ್ಲಿ ಹೊಟ್ಟೆ ಬಿರಿಯಬಹುದು. ತೊರಕೆ, ಶಾರ್ಕ್ ಮೊದಲಾದ ಮೃದ್ವಸ್ಥಿ ಮೀನುಗಳ ದೇಹದಲ್ಲಿ ಸಹಜವಾಗಿಯೇ ಯೂರಿಯಾ ಹೆಚ್ಚಿದ್ದು, ಅದು ಒಡೆದು ಅಮೋನಿಯದ ಘಾಟು ಬೇಗ ಹೊಮ್ಮುತ್ತದೆ. ಬಂಗುಡೆಯಲ್ಲಿ ಬಂದರೆ ಎಸೆಯಬೇಕಾದ ವಾಸನೆ ತೊರಕೆಯಲ್ಲಿ ಬಂದಾಗ ಬೇರೆ ಅರ್ಥ ಪಡೆಯುತ್ತದೆ. ಈ ವ್ಯತ್ಯಾಸವನ್ನು ಮಾರುವವಳ ಮೂಗು ಬಲ್ಲದು. ಒಟ್ಟು ಬಾಷ್ಪಶೀಲ ಸಾರಜನಕವನ್ನು ಅಳೆಯುವ ಪ್ರಯೋಗಶಾಲೆಯ ವಿಧಾನವೂ ಮೃದ್ವಸ್ಥಿ ಮೀನುಗಳಿಗೆ ಇತರ ಮೀನುಗಳ ಮಿತಿಯನ್ನು ಅನ್ವಯಿಸಲಾರದು.

ಪರೀಕ್ಷೆಯ ಫಲಿತಾಂಶ 'ಒಳ್ಳೆಯದು', 'ಕೆಟ್ಟದ್ದು' ಎಂಬ ಎರಡೇ ಪಾತಳಿಗಳಲ್ಲಿ ನಿಲ್ಲುತ್ತಿರಲಿಲ್ಲ. ಬಿಗಿಯಾದ ಮೀನು ಹಸಿಯಾಗಿ ಮಾರಾಟಕ್ಕೆ, ಸ್ವಲ್ಪ ಮೆತ್ತಗಾದದ್ದು ಉಪ್ಪಿಗೆ, ಸಣ್ಣದು ಒಣಗಿಸುವುದಕ್ಕೆ, ತಿನ್ನಲಾಗದ್ದು ತೆಂಗಿನ ಬುಡಕ್ಕೆ. ಹೀಗೆ ತಾಜಾತನದ ಪ್ರತಿ ಮೆಟ್ಟಿಲಿಗೂ ಒಂದು ಬಳಕೆ ಇತ್ತು. ಕೊಳ್ಳುವವರು ಕಿವಿರೆತ್ತಿ ನೋಡುವುದನ್ನು ಮಾರುವವಳು ಅವಮಾನವೆಂದು ಬಗೆಯುವುದಿಲ್ಲ. ಅದು ವ್ಯವಹಾರದ ಅಂಗ. ಆದರೆ ದಿನವೂ ಮನೆಬಾಗಿಲಿಗೆ ಬರುವ ಪರಿಚಿತಳಿಂದ ಕೊಳ್ಳುವಾಗ ಕಿವಿರೆತ್ತುವ ಅಗತ್ಯ ಬೀಳುವುದಿಲ್ಲ. ಅಲ್ಲಿ ಅವಳ ಮಾತೇ ಪರೀಕ್ಷೆ. ಹಾಳು ಮೀನು ಕೊಟ್ಟರೆ ನಾಳೆ ಆ ಬಾಗಿಲು ತೆರೆಯದು. ಈ ಸಾಮಾಜಿಕ ಹೊಣೆಗಾರಿಕೆಯೂ ಪರೀಕ್ಷಾ ವಿಧಾನದ ಭಾಗವೆಂದೇ ತಿಳಿಯಬೇಕು.

4. ಉಪ್ಪು, ಮಂಜುಗಡ್ಡೆ ಮತ್ತು ಅಧಿಕಾರ

ತಾಜಾತನದ ಪ್ರಶ್ನೆ ಸರ್ಕಾರದ ಕಡತಗಳಿಗೆ ಬಂದದ್ದು ಉಪ್ಪಿನ ಮೂಲಕ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ ನಂತರ ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲಿಯೇ ಉಳಿಯಿತು. ಉಪ್ಪಿನ ಮೇಲಿನ ತೆರಿಗೆಯಿಂದಾಗಿ ಮೀನಿಗೆ ಉಪ್ಪು ಹಾಕುವುದು ಬಡ ಮೀನುಗಾರರಿಗೆ ದುಬಾರಿಯಾಯಿತು. ವೈದ್ಯನೂ ಮತ್ಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಡೇ 1873ರಲ್ಲಿ ಪ್ರಕಟಿಸಿದ ಭಾರತ ಮತ್ತು ಬರ್ಮಾದ ಕಡಲ ಮೀನುಗಾರಿಕೆಯ ವರದಿಯಲ್ಲಿ ಉಪ್ಪಿನ ತೆರಿಗೆಗೂ ಮೀನಿನ ಸಂಸ್ಕರಣೆಗೂ ಇದ್ದ ಸಂಬಂಧವನ್ನು ಎತ್ತಿದ್ದನು. ಮುಂದೆ ಮದರಾಸು ಪ್ರಾಂತದ ಕರಾವಳಿಯಲ್ಲಿ ಮೀನಿಗೆ ಉಪ್ಪು ಹಾಕುವ ಸರ್ಕಾರಿ ಅಂಗಳಗಳು ಸ್ಥಾಪನೆಯಾದವು. ತೆರಿಗೆ ವಿನಾಯಿತಿಯ ಉಪ್ಪು ಅಲ್ಲಿ ಮಾತ್ರ ದೊರೆಯುತ್ತಿತ್ತು. ಮೀನುಗಾರರು ತಮ್ಮ ಮೀನನ್ನು ಅಲ್ಲಿಗೇ ಒಯ್ಯಬೇಕಾಗಿತ್ತು. ಮನೆಯಂಗಳದಲ್ಲಿ ಹೆಂಗಸರು ಮಾಡುತ್ತಿದ್ದ ಕೆಲಸ ಅಧಿಕಾರಿಯ ಕಣ್ಣೆದುರಿಗೆ ಬಂತು. 1907ರಲ್ಲಿ ಫ್ರೆಡರಿಕ್ ನಿಕಲ್ಸನ್ ನೇತೃತ್ವದಲ್ಲಿ ಮದರಾಸಿನ ಮೀನುಗಾರಿಕಾ ಇಲಾಖೆ ರೂಪುಗೊಂಡಾಗ ಈ ಪ್ರಕ್ರಿಯೆಗೆ ಸಂಸ್ಥೆಯ ಚೌಕಟ್ಟು ದೊರೆಯಿತು.

ಎರಡನೆಯ ತಿರುವು ಮಂಜುಗಡ್ಡೆ ಮತ್ತು ಯಾಂತ್ರೀಕರಣ. 1952ರ ಒಪ್ಪಂದದಂತೆ ಕೇರಳದ ನೀಂಡಕರ ಪ್ರದೇಶದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆಯು ಯಂತ್ರದೋಣಿ, ಮಂಜುಗಡ್ಡೆ, ಶೈತ್ಯಾಗಾರಗಳನ್ನು ಪಶ್ಚಿಮ ಕರಾವಳಿಗೆ ಪರಿಚಯಿಸಿತು. 1957ರಲ್ಲಿ ಕೊಚ್ಚಿಯಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ, 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಮಹಾವಿದ್ಯಾಲಯ ಸ್ಥಾಪಿತವಾದವು. 1970ರ ದಶಕದ ಉತ್ತರಾರ್ಧದಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆಗಳು ಬಂದು, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲ ಬಹುಬೇಗ ಮುಗಿಯಿತು.

ರಂಪಣಿಯ ಮೀನು ದಡದ ಮರಳಿನ ಮೇಲೆ ಕಣ್ಣೆದುರಿಗೆ ಸಾಯುತ್ತಿತ್ತು. ಅದರ ಸಾವಿನ ಹೊತ್ತು ಎಲ್ಲರಿಗೂ ತಿಳಿದಿತ್ತು. ಕಡಲಲ್ಲಿ ಹತ್ತಾರು ದಿನ ಉಳಿಯುವ ಟ್ರಾಲ್ ದೋಣಿಗಳ ಕಾಲದಲ್ಲಿ ಆ ಖಚಿತತೆ ಇಲ್ಲವಾಯಿತು. ಮೊದಲ ದಿನ ಹಿಡಿದ ಮೀನೂ ಕೊನೆಯ ದಿನ ಹಿಡಿದ ಮೀನೂ ಒಂದೇ ಮಂಜುಗಡ್ಡೆಯ ಕೋಣೆಯಲ್ಲಿದ್ದು ಒಟ್ಟಿಗೆ ದಕ್ಕೆಗೆ ಬರುತ್ತವೆ. ಬೆಳಗಿನ ಜಾವ ಏಲಂ ನಡೆಯುವಾಗ ಬುಟ್ಟಿಯ ಮೇಲ್ಪದರ ನೋಡಿ ಕ್ಷಣದಲ್ಲಿ ಬೆಲೆ ಕೂಗಬೇಕು. ಮಂಜುಗಡ್ಡೆಯ ತಣ್ಣಗಿನಲ್ಲಿ ಮೈ ಬಿಗಿಯಾಗಿಯೇ ಇರುತ್ತದೆ, ವಾಸನೆ ಅಡಗಿರುತ್ತದೆ. ಸಾಲ ತಂದ ಹಣದಿಂದ ಬುಟ್ಟಿ ಕೊಂಡವಳಿಗೆ ಅದು ಕೆಟ್ಟಿದೆಯೆಂದು ತಿಳಿಯುವುದು ಬಿಸಿಲೇರಿ ಮಂಜು ಕರಗಿದ ಮೇಲೆ. ಆಗ ನಷ್ಟ ಅವಳದೇ. ದೋಣಿಯವರ ಬಳಿ, ದಲ್ಲಾಳಿಯ ಬಳಿ ವಾದಿಸಲು ಅವಳ ಕೈಯಲ್ಲಿ ಬೆರಳಿನ ಸಾಕ್ಷ್ಯವಲ್ಲದೆ ಬೇರೇನೂ ಇರುವುದಿಲ್ಲ.

5. ಸತ್ತ ಮೀನಿನ ಹೆಜ್ಜೆ

ನೀರಿನಲ್ಲಿ ಮೀನಿನ ಹೆಜ್ಜೆ ಕಂಡವರಿಲ್ಲ ಎನ್ನುವುದು ವಾಡಿಕೆ. ಆದರೆ ಸತ್ತ ಮೀನು ತನ್ನ ಸ್ನಾಯುವಿನೊಳಗೆ ಹೆಜ್ಜೆಗಳನ್ನು ಬಿಟ್ಟುಹೋಗುತ್ತದೆ. ಅವನ್ನು ಮೊದಲು ಕ್ರಮವಾಗಿ ಎಣಿಸಿದ್ದು ಹಸಿಮೀನನ್ನು ಬೇಯಿಸದೆ ತಿನ್ನುವ ಜಪಾನ್ ದೇಶದಲ್ಲಿ ಎಂಬುದು ಆಕಸ್ಮಿಕವಲ್ಲ.

ಜೀವಂತ ಸ್ನಾಯುವಿಗೆ ಶಕ್ತಿ ಒದಗಿಸುವ ವಸ್ತು ಎಟಿಪಿ. ಸಾವಿನ ನಂತರ ಮೀನಿನದೇ ಕಿಣ್ವಗಳು ಅದನ್ನು ಹಂತಹಂತವಾಗಿ ಒಡೆಯುತ್ತವೆ. ಎಟಿಪಿ ಮೊದಲು ಎಡಿಪಿಯಾಗಿ, ಎಎಂಪಿಯಾಗಿ, ಅನಂತರ ಐಎಂಪಿ ಎಂಬ ಇನೊಸಿನಿಕ್ ಆಮ್ಲವಾಗಿ ಮಾರ್ಪಡುತ್ತದೆ. ಇಲ್ಲಿಯವರೆಗಿನ ಪಯಣ ಬಹುಬೇಗ ಮುಗಿಯುತ್ತದೆ. ಅಲ್ಲಿಂದ ಮುಂದೆ ಇನೊಸಿನ್, ಹೈಪೊಕ್ಸಾಂಥಿನ್ ಎಂಬ ಹಂತಗಳು ನಿಧಾನವಾಗಿ ಸಾಗುತ್ತವೆ. ಐಎಂಪಿಗೂ ರುಚಿಗೂ ಇರುವ ನಂಟು ಮೊದಲೇ ತಿಳಿದಿತ್ತು. ಒಣಗಿಸಿ ಹೊಗೆಯುಣಿಸಿದ ಬೊನಿಟೊ ಮೀನಿನ ತುರಿಯಿಂದ ಸಾರು ಮಾಡುವುದು ಜಪಾನಿನ ಅಡುಗೆಯ ತಳಹದಿ. ಆ ಸಾರಿನ ಸವಿಗೆ ಕಾರಣ ಇನೊಸಿನಿಕ್ ಆಮ್ಲದ ಲವಣವೆಂದು 1913ರಲ್ಲಿ ಶಿಂತಾರೊ ಕೊಡಾಮ ಗುರುತಿಸಿದನು. ಕೊನೆಯ ಹಂತದ ಹೈಪೊಕ್ಸಾಂಥಿನ್ ಕಹಿಗೆ ಸಂಬಂಧಿಸಿದ್ದು. ಸವಿಯಿಂದ ಕಹಿಯ ಕಡೆಗಿನ ಈ ನಡಿಗೆಯನ್ನು ಅಡುಗೆಮನೆಯ ನಾಲಿಗೆ ಹೆಸರಿಲ್ಲದೆಯೇ ಬಲ್ಲದು.

1959ರಲ್ಲಿ ಸೈತೊ, ಅರೈ ಮತ್ತು ಮತ್ಸುಯೋಶಿ ಎಂಬ ಸಂಶೋಧಕರು ಈ ನಡಿಗೆಯನ್ನು ಒಂದು ಸಂಖ್ಯೆಗೆ ಇಳಿಸಿದರು. ಸರಣಿಯ ಒಟ್ಟು ವಸ್ತುಗಳಲ್ಲಿ ಇನೊಸಿನ್ ಮತ್ತು ಹೈಪೊಕ್ಸಾಂಥಿನ್‌ಗಳ ಪಾಲು ಶೇಕಡ ಎಷ್ಟು ಎಂಬುದೇ 'ಕೆ ಮೌಲ್ಯ'. ಆಗಷ್ಟೇ ಸತ್ತ ಮೀನಿನಲ್ಲಿ ಇದು ತೀರ ಕಡಿಮೆ. ಸಾಮಾನ್ಯ ಮಾನದಂಡದಂತೆ 20ರೊಳಗಿದ್ದರೆ ಹಸಿಯಾಗಿ ತಿನ್ನಲು ಯೋಗ್ಯ. 60ನ್ನು ದಾಟಿದರೆ ಆಹಾರಕ್ಕೆ ಒಲ್ಲದ ಸ್ಥಿತಿ. ಮಂಜುಗಡ್ಡೆ ಈ ಹೆಜ್ಜೆಗಳನ್ನು ನಿಧಾನಗೊಳಿಸಬಲ್ಲದೇ ಹೊರತು ಹಿಂದಕ್ಕೆ ತಿರುಗಿಸಲಾರದು. ಬೆರಳನ್ನು ಮರುಳುಗೊಳಿಸುವ ತಂಪು ಕೆ ಮೌಲ್ಯವನ್ನು ಮರುಳುಗೊಳಿಸಲಾರದು ಎಂಬುದು ಇದರ ವಿಶೇಷ.

ಜಪಾನಿನ ಮೀನುಗಾರರಲ್ಲಿ 'ಇಕೆಜಿಮೆ' ಎಂಬ ಪದ್ಧತಿಯಿದೆ. ಹಿಡಿದ ಮೀನು ಒದ್ದಾಡಲು ಬಿಡದೆ ಮಿದುಳಿಗೆ ಚುಚ್ಚಿ ಕೂಡಲೇ ಕೊಂದು ರಕ್ತ ಹರಿಸುವ ಕ್ರಮವದು. ಒದ್ದಾಡಿ ಸತ್ತ ಮೀನಿನಲ್ಲಿ ಎಟಿಪಿ ಮೊದಲೇ ಖರ್ಚಾಗಿ ದೇಹ ಬೇಗ ಸೆಟೆದುಕೊಳ್ಳುತ್ತದೆ. ಇಕೆಜಿಮೆಯ ಮೀನಿನಲ್ಲಿ ಅದು ತಡವಾಗುತ್ತದೆ. ಕಸುಬುದಾರರು ಕೈಯಿಂದ ಕಂಡುಕೊಂಡಿದ್ದನ್ನು ರಸಾಯನಶಾಸ್ತ್ರ ಅನಂತರ ಅಳೆದು ಒಪ್ಪಿತು. ನಮ್ಮ ಕರಾವಳಿಯಲ್ಲಿ ಗಾಳದ ಮೀನಿಗೆ ಇರುವ ಮನ್ನಣೆಯನ್ನು ಇದರೊಡನೆ ಹೋಲಿಸಿ ಪರಿಶೀಲಿಸುವುದು ಸಾಧ್ಯ.

ಆದರೆ ಕೆ ಮೌಲ್ಯವನ್ನು ಪಡೆಯಲು ದೊಡ್ಡ ಉಪಕರಣ, ನುರಿತ ಕೈ, ಸಾಕಷ್ಟು ಸಮಯ ಬೇಕಾಗಿತ್ತು. ಈ ತೊಡಕಿಗೆ ದಾರಿ ತೋರಿದ್ದು ವೈದ್ಯಕೀಯ ಕ್ಷೇತ್ರ. ಅಮೆರಿಕದ ಲೆಲೆಂಡ್ ಕ್ಲಾರ್ಕ್ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ವಿದ್ಯುದಗ್ರವನ್ನು 1956ರಲ್ಲಿ ಪ್ರಕಟಿಸಿದನು. 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಅದಕ್ಕೆ ಗ್ಲೂಕೋಸನ್ನು ಗುರುತಿಸುವ ಕಿಣ್ವವನ್ನು ಜೋಡಿಸುವ ಕಲ್ಪನೆಯನ್ನು ಮುಂದಿಟ್ಟರು. 1967ರಲ್ಲಿ ಅಪ್‌ಡೈಕ್ ಮತ್ತು ಹಿಕ್ಸ್ ಕಿಣ್ವವನ್ನು ಜೆಲ್‌ನಲ್ಲಿ ನೆಲೆಗೊಳಿಸಿ ಅಂಥ ಉಪಕರಣವನ್ನು ಕಾರ್ಯರೂಪಕ್ಕೆ ತಂದರು. ಬಯೋಸೆನ್ಸರ್ ಎಂದು ಇಂದು ಕರೆಯಲಾಗುವ ಜೈವಿಕ ಸಂವೇದಕದ ಮೂಲ ಇದು. ಇದರ ತತ್ತ್ವ ಸರಳ: ಕಿಣ್ವವು ತನಗೆ ಒಗ್ಗುವ ಒಂದು ವಸ್ತುವನ್ನು ಮಾತ್ರ ಹಿಡಿಯುತ್ತದೆ, ಆ ಕ್ರಿಯೆಯಲ್ಲಿ ಖರ್ಚಾದ ಆಮ್ಲಜನಕವನ್ನು ಅಥವಾ ಹುಟ್ಟಿದ ಹೈಡ್ರೋಜನ್ ಪೆರಾಕ್ಸೈಡನ್ನು ವಿದ್ಯುದಗ್ರ ವಿದ್ಯುತ್ತಾಗಿ ಓದುತ್ತದೆ.

ಕರುಬೆಯವರ ತಂಡ ಇದನ್ನು ಮೀನಿಗೆ ಅನ್ವಯಿಸಿತು. ನ್ಯೂಕ್ಲಿಯೊಟಿಡೇಸ್ ಎಂಬ ಕಿಣ್ವ ಐಎಂಪಿಯನ್ನು ಇನೊಸಿನ್ ಮಾಡುತ್ತದೆ. ನ್ಯೂಕ್ಲಿಯೊಸೈಡ್ ಫಾಸ್ಫೊರಿಲೇಸ್ ಇನೊಸಿನನ್ನು ಹೈಪೊಕ್ಸಾಂಥಿನ್ ಮಾಡುತ್ತದೆ. ಕ್ಸಾಂಥಿನ್ ಆಕ್ಸಿಡೇಸ್ ಅದನ್ನು ಯೂರಿಕ್ ಆಮ್ಲಕ್ಕೆ ಒಯ್ಯುತ್ತದೆ. ಈ ಕೊನೆಯ ಹೆಜ್ಜೆಯಲ್ಲಿ ಆಮ್ಲಜನಕ ಖರ್ಚಾಗುತ್ತದೆ. ಅದರ ಇಳಿಕೆಯೇ ಅಳತೆ. ಎಟಿಪಿ, ಎಡಿಪಿಗಳು ಬಹುಬೇಗ ಇಲ್ಲವಾಗುವುದರಿಂದ ಅವನ್ನು ಬಿಟ್ಟು ಐಎಂಪಿ, ಇನೊಸಿನ್, ಹೈಪೊಕ್ಸಾಂಥಿನ್ ಮೂರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಸರಳೀಕೃತ ಸೂಚ್ಯಂಕವೂ ಹೀಗೆ ಬಳಕೆಗೆ ಬಂತು. ಮೀನು ಸತ್ತ ಮೇಲೆ ಅದರೊಳಗಿನ ಕಿಣ್ವಗಳು ನಡೆದ ದಾರಿಯನ್ನೇ ಹೊರಗಿನ ಕಿಣ್ವಗಳು ಮತ್ತೆ ನಡೆದು ಲೆಕ್ಕ ಒಪ್ಪಿಸುತ್ತವೆ.

ಇಲ್ಲೊಂದು ಸ್ವಾರಸ್ಯವಿದೆ. ಈ ಸಂವೇದಕದ ಮುಖ್ಯ ಕಿಣ್ವವಾದ ಕ್ಸಾಂಥಿನ್ ಆಕ್ಸಿಡೇಸನ್ನು ಬಹುಕಾಲದಿಂದ ಹಸುವಿನ ಹಾಲಿನಿಂದ ಪಡೆಯಲಾಗುತ್ತಿದೆ. ಮೀನು ಮತ್ತು ಹಾಲು ಕೂಡದೆಂಬುದು 'ಚರಕಸಂಹಿತೆ'ಯ ವಿರುದ್ಧಾಹಾರದ ಪಟ್ಟಿಯಿಂದ ಹಿಡಿದು ಇಂದಿನ ಮನೆಗಳವರೆಗೆ ಉಳಿದುಬಂದ ನಂಬಿಕೆ. ಎಲೆಯಲ್ಲಿ ದೂರವಿರಿಸಿದ ಎರಡು ಪದಾರ್ಥಗಳು ಪ್ರಯೋಗಶಾಲೆಯಲ್ಲಿ ಒಂದರ ಯೋಗ್ಯತೆಯನ್ನು ಇನ್ನೊಂದು ಹೇಳುವಂತೆ ಸಂಧಿಸಿವೆ.

6. ಮೂಗಿಗೆ ತಿಳಿಯದ ಅಪಾಯ

ಸಾಂಪ್ರದಾಯಿಕ ಅರಿವನ್ನು ಗೌರವಿಸುವ ಅಧ್ಯಯನ ಅದರ ಮಿತಿಯನ್ನೂ ನೇರವಾಗಿ ಹೇಳಬೇಕು. ಬಂಗುಡೆ, ಕೇದರ, ಅಂಜಲ್ ಮೊದಲಾದ ಮೀನುಗಳ ಸ್ನಾಯುವಿನಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವಿರುತ್ತದೆ. ಹಿಡಿದ ಮೀನನ್ನು ಬೇಗ ತಂಪುಗೊಳಿಸದಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಇದನ್ನು ತಿಂದವರಿಗೆ ಮುಖ ಕೆಂಪೇರುವುದು, ತುರಿಕೆ, ತಲೆನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಹಿಸ್ಟಮಿನ್ ಹೆಚ್ಚಿರುವ ಮೀನು ನೋಡಲು, ಮೂಸಲು ಸರಿಯಾಗಿಯೇ ಇರಬಹುದು. ಬೇಯಿಸಿದರೂ ಅದು ನಾಶವಾಗುವುದಿಲ್ಲ. ಯುರೋಪಿಯನ್ ಒಕ್ಕೂಟ ಇಂಥ ಮೀನುಗಳಿಗೆ ಒಂದು ಕಿಲೋಗ್ರಾಂಗೆ 100 ಹಾಗೂ 200 ಮಿಲಿಗ್ರಾಂ ಎಂಬ ಎರಡು ಹಂತದ ಮಿತಿಗಳನ್ನು ಒಂಬತ್ತು ಮಾದರಿಗಳ ತಪಾಸಣೆಗೆ ಗೊತ್ತುಪಡಿಸಿದೆ. ಇಲ್ಲಿ ಬೆರಳೂ ಮೂಗೂ ಸೋಲುತ್ತವೆ. ಕೆ ಮೌಲ್ಯವೂ ಇದನ್ನು ನೇರವಾಗಿ ಹೇಳದು, ಏಕೆಂದರೆ ಅದು ಓದುವುದು ಬೇರೊಂದು ದಾರಿಯ ಹೆಜ್ಜೆಗಳನ್ನು. ಡೈಅಮೀನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಬಳಸುವ ಸಂವೇದಕಗಳು ರೂಪುಗೊಂಡದ್ದು ಈ ಅಗತ್ಯದಿಂದ.

ಎರಡನೆಯ ಅಪಾಯ ಮನುಷ್ಯರೇ ತಂದದ್ದು. 2018ರ ಜೂನ್ ತಿಂಗಳಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ 'ಆಪರೇಷನ್ ಸಾಗರ ರಾಣಿ' ಎಂಬ ಕಾರ್ಯಾಚರಣೆಯಲ್ಲಿ ಫಾರ್ಮಾಲಿನ್ ಲೇಪಿಸಿದ ಮೀನನ್ನು ವಶಪಡಿಸಿಕೊಂಡಿತು. ಮರುತಿಂಗಳು ಗೋವಾ ಸರ್ಕಾರ ಹೊರರಾಜ್ಯಗಳ ಮೀನಿಗೆ ತಾತ್ಕಾಲಿಕ ನಿಷೇಧ ಹೇರಿತು. ಕರಾವಳಿಯುದ್ದಕ್ಕೂ ಕೊಳ್ಳುವವರಲ್ಲಿ ಭೀತಿ ಹಬ್ಬಿತು. ಶವಗಳನ್ನು ಕೆಡದಂತೆ ಇಡುವ ಈ ರಾಸಾಯನಿಕ ಮೀನಿನ ಮಾಂಸವನ್ನು ಗಟ್ಟಿಗೊಳಿಸುತ್ತದೆ. ಒತ್ತಿದರೆ ಗುಳಿ ಬೀಳದಿರುವುದೇ ತಾಜಾತನವೆಂದು ಕಲಿತ ಬೆರಳಿಗೆ ಇದು ನೇರ ವಂಚನೆ. ಶತಮಾನಗಳಲ್ಲಿ ರೂಪುಗೊಂಡ ಲಕ್ಷಣಶಾಸ್ತ್ರವನ್ನು ಬಲ್ಲವರೇ ಅದನ್ನು ತಿರುಗಿಸಿ ಬಳಸಿದರು. ಆ ಸಂದರ್ಭದಲ್ಲಿ ಕೊಚ್ಚಿಯ ಸಂಸ್ಥೆ ರೂಪಿಸಿದ, ಬಣ್ಣ ಬದಲಿಸುವ ಕಾಗದದ ಪಟ್ಟಿಗಳು ತಪಾಸಣೆಗೆ ನೆರವಾದವು. ಅವು ಕಿಣ್ವಾಧಾರಿತವಲ್ಲ, ರಾಸಾಯನಿಕ ಪಟ್ಟಿಗಳು. ಆದರೆ ಮಾರುಕಟ್ಟೆಯಲ್ಲೇ, ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುವ ಸಾಧನ ಸಾಧ್ಯವೆಂಬುದನ್ನು ತೋರಿಸಿದವು. ಕೆಲವು ಮೀನುಗಳಲ್ಲಿ, ವಿಶೇಷವಾಗಿ ಬೊಂಬಿಲ್‌ನಲ್ಲಿ, ಫಾರ್ಮಾಲ್ಡಿಹೈಡ್ ಸಹಜವಾಗಿಯೇ ಉತ್ಪತ್ತಿಯಾಗುತ್ತದೆ. ಆದ್ದರಿಂದ ಪಟ್ಟಿಯ ಬಣ್ಣವನ್ನು ಓದಲು ಮೀನಿನ ಜಾತಿಯ ತಿಳಿವಳಿಕೆ ಬೇಕೇ ಬೇಕು.

7. ಉಪಕರಣ ಯಾರ ಕೈಗೆ?

ಕಿಣ್ವ ಸಂವೇದಕದ ಕಲ್ಪನೆ ಪ್ರಕಟವಾಗಿ ನಾಲ್ಕು ದಶಕಗಳು ಕಳೆದಿವೆ. ಕಿಣ್ವಾಧಾರಿತ ತಾಜಾತನ ಮಾಪಕಗಳು ಮಾರುಕಟ್ಟೆಗೂ ಬಂದವು. ಆದರೂ ಸಾಮಾನ್ಯ ಮೀನು ಮಾರುಕಟ್ಟೆಯಲ್ಲಿ ಅವು ನೆಲೆಯೂರಲಿಲ್ಲ. ಇದಕ್ಕೆ ತಾಂತ್ರಿಕ ಕಾರಣಗಳಿವೆ. ಕಿಣ್ವಗಳು ಸೆಕೆಗೆ ಬೇಗ ಶಕ್ತಿಗುಂದುತ್ತವೆ. ಮಾಂಸದ ತುಣುಕನ್ನು ಅರೆದು ದ್ರವ ತೆಗೆಯುವ ಸಿದ್ಧತೆ ಬೇಕು. ಕೆ ಮೌಲ್ಯ ಏರುವ ವೇಗ ಜಾತಿಯಿಂದ ಜಾತಿಗೆ ಬೇರೆ. ಕಾಡ್ ಮೀನಿನಲ್ಲಿ ಬೇಗ, ಬ್ರೀಮ್ ಮೀನಿನಲ್ಲಿ ನಿಧಾನ. ಕೆಲವು ಮೀನುಗಳಲ್ಲಿ ಇನೊಸಿನ್ ಶೇಖರವಾದರೆ ಮತ್ತೆ ಕೆಲವುಗಳಲ್ಲಿ ಹೈಪೊಕ್ಸಾಂಥಿನ್. ಒಂದು ಜಾತಿಗೆ ಸಲ್ಲುವ ಅಂಕಿ ಇನ್ನೊಂದಕ್ಕೆ ಸಲ್ಲದು. ಬುಟ್ಟಿಯಲ್ಲಿ ಹತ್ತು ಬಗೆಯ ಮೀನು ಬೆರೆತಿರುವ ಉಷ್ಣವಲಯದ ಮಾರುಕಟ್ಟೆಗೆ ಇದು ದೊಡ್ಡ ತೊಡಕು. ತೊರಕೆಗೂ ಬಂಗುಡೆಗೂ ಒಂದೇ ಮಾನದಂಡ ಹಿಡಿಯದ ಮೀನುಗಾರ ಮಹಿಳೆಯ ವಿವೇಕಕ್ಕೆ ಉಪಕರಣವೂ ಬಂದು ತಲುಪಬೇಕಾಯಿತು.

ತಾಂತ್ರಿಕ ಕಾರಣಗಳಾಚೆ ಸಾಮಾಜಿಕ ಕಾರಣವೂ ಇದೆ. ಭಾರತದಲ್ಲಿ ಮೀನಿನ ಗುಣಮಟ್ಟದ ತಪಾಸಣೆ ಬೆಳೆದದ್ದು ಮುಖ್ಯವಾಗಿ ರಫ್ತಿನ ಒತ್ತಡದಿಂದ. ರಫ್ತು ಸರಕುಗಳ ಗುಣಮಟ್ಟ ನಿಯಂತ್ರಣದ ಕಾಯ್ದೆ ಬಂದದ್ದು 1963ರಲ್ಲಿ. 1997ರಲ್ಲಿ ಯುರೋಪಿಯನ್ ಒಕ್ಕೂಟ ಭಾರತದ ಕಡಲ ಉತ್ಪನ್ನಗಳಿಗೆ ತಾತ್ಕಾಲಿಕ ನಿಷೇಧ ಹಾಕಿದ ಮೇಲೆ ಸಂಸ್ಕರಣಾ ಘಟಕಗಳಲ್ಲಿ ವ್ಯಾಪಕ ಸುಧಾರಣೆಗಳಾದವು. ಹೀಗೆ ಬ್ರಸೆಲ್ಸ್‌ನ ತಟ್ಟೆಗೆ ಹೋಗುವ ಸಿಗಡಿಗೆ ದೊರೆತ ಕಾವಲು ಮಲ್ಪೆಯ ಓಣಿಯಲ್ಲಿ ಮಾರಾಟವಾಗುವ ಬೂತಾಯಿಗೆ ದೊರೆಯಲಿಲ್ಲ. ಪ್ರಯೋಗಶಾಲೆಯ ಕಾಗದ ರಫ್ತುದಾರನ ಕೈಯಲ್ಲಿ ಪ್ರಮಾಣಪತ್ರವಾಯಿತು. ಬೀದಿಯಲ್ಲಿ ತಪಾಸಣೆ ನಡೆದಾಗ ಮಾರುವವಳ ಬುಟ್ಟಿಯೇ ಮೊದಲು ಸಂದೇಹಕ್ಕೆ ಗುರಿಯಾಯಿತು. ಮೀನು ಕೆಟ್ಟದ್ದು ದೋಣಿಯಲ್ಲೋ, ಲಾರಿಯಲ್ಲೋ, ಗೋದಾಮಿನಲ್ಲೋ ಎಂದು ಕೇಳುವ ಮೊದಲೇ ಅದು ಸಿಕ್ಕಿಬೀಳುವುದು ಸರಪಳಿಯ ಕೊನೆಯಲ್ಲಿರುವ ಅವಳ ಕೈಯಲ್ಲಿ.

ಈ ಸ್ಥಿತಿಯಲ್ಲಿ ಸಂವೇದಕವನ್ನು ಎಲ್ಲಿಡಬೇಕು ಎಂಬುದು ಅದನ್ನು ಹೇಗೆ ತಯಾರಿಸಬೇಕು ಎಂಬಷ್ಟೇ ಮುಖ್ಯವಾಗುತ್ತದೆ. ಕೊಳ್ಳುವವರ ಕೈಯಲ್ಲಿ ಮಾತ್ರ ಇದ್ದರೆ ಅದು ಮಾರುವವಳ ವಿರುದ್ಧದ ಸಾಕ್ಷಿ. ಏಲಂ ನಡೆಯುವ ದಕ್ಕೆಯಲ್ಲಿದ್ದರೆ ಅದು ಅವಳ ಪರವಾದ ಸಾಕ್ಷಿ. ಸಾಲ ಮಾಡಿ ಬುಟ್ಟಿ ಕೊಳ್ಳುವ ಮೊದಲು ಅವಳು ತನ್ನ ಸಂದೇಹಕ್ಕೆ ಒಂದು ಅಂಕಿಯ ಬೆಂಬಲ ಪಡೆಯಬಲ್ಲಳು. ಯಾವ ಬುಟ್ಟಿಯ ಯಾವ ಮೀನನ್ನು ಪರೀಕ್ಷಿಸಬೇಕು ಎಂಬುದನ್ನು ಅವಳ ಕಣ್ಣೇ ಆರಿಸಿಕೊಡಬೇಕು. ಸಾವಿರಾರು ಮೀನುಗಳಲ್ಲಿ ಸಂಶಯಾಸ್ಪದವಾದ ಒಂದನ್ನು ಕ್ಷಣದಲ್ಲಿ ಹೆಕ್ಕುವ ಶಕ್ತಿ ಯಾವ ವಿದ್ಯುದಗ್ರಕ್ಕೂ ಇಲ್ಲ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮೀನಿನ ತಾಜಾತನದ ಬಗೆಗಿನ ಜನಪದ ಜ್ಞಾನ ಬಿಡಿ ಬಿಡಿ ನಂಬಿಕೆಗಳ ರಾಶಿಯಲ್ಲ. ನುಡಿಯಲ್ಲಿ ವರ್ಗೀಕರಣವನ್ನೂ ಕೈಯಲ್ಲಿ ಪರೀಕ್ಷಾಕ್ರಮವನ್ನೂ ವ್ಯವಹಾರದಲ್ಲಿ ಹೊಣೆಗಾರಿಕೆಯನ್ನೂ ಒಳಗೊಂಡ ವ್ಯವಸ್ಥೆ. ಎರಡನೆಯದಾಗಿ, ಕಿಣ್ವ ಸಂವೇದಕ ಈ ಜ್ಞಾನವನ್ನು ರದ್ದುಗೊಳಿಸಲಿಲ್ಲ. ಅದು ನಾಲಿಗೆ ಮತ್ತು ಬೆರಳು ಗುರುತಿಸಿದ ಬದಲಾವಣೆಗಳ ಕೆಳಗಿನ ಹೆಜ್ಜೆಗಳನ್ನು ಎಣಿಸಿತು. ಹಿಸ್ಟಮಿನ್‌ನಂಥ ಕಡೆ ಇಂದ್ರಿಯಗಳು ಮುಟ್ಟಲಾಗದ್ದನ್ನು ಮುಟ್ಟಿತು. ಮೂರನೆಯದಾಗಿ, ತಾಜಾತನದ ನಿರ್ಣಯ ಉಪ್ಪಿನ ಅಂಗಳದಿಂದ ರಫ್ತಿನ ಪ್ರಯೋಗಶಾಲೆಯವರೆಗೆ ಸಾಗಿದ ದಾರಿಯಲ್ಲಿ ಅದರ ಮೊದಲ ಒಡತಿಯರು ಹಿಂದೆ ಉಳಿದರು.

ಪಾರಂಪರಿಕ ಜ್ಞಾನವನ್ನು ಸಂಗ್ರಹಿಸಿ ಗ್ರಂಥಾಲಯದಲ್ಲಿಡುವುದರಿಂದ ಈ ಅಂತರ ತುಂಬದು. ರಂಪಣಿಯ ದಡದಲ್ಲಿ ಮೀನು ವಿಂಗಡಿಸಿದ ತಲೆಮಾರಿನ ಹೆಂಗಸರು ಈಗ ವೃದ್ಧರಾಗಿದ್ದಾರೆ. ಜಾತಿವಾರು ಲಕ್ಷಣಗಳ ಅವರ ತಿಳಿವಳಿಕೆ ದಾಖಲಾಗುವುದು, ಅದನ್ನು ಸಂವೇದಕಗಳ ಮಾಪನಾಂಕದೊಡನೆ ಮೀನಿನಿಂದ ಮೀನಿಗೆ ಹೋಲಿಸಿ ನೋಡುವುದು ಜಾನಪದ ಮತ್ತು ಮೀನುಗಾರಿಕಾ ವಿಜ್ಞಾನಗಳ ಜಂಟಿ ಕೆಲಸವಾಗಬೇಕು. ಕಿಣ್ವ ಕೊಡುವ ಅಂಕಿಯನ್ನು ಓದಿ ಈ ಬುಟ್ಟಿ ಬೇಡ ಎನ್ನುವ ಹಕ್ಕು, ಇಷ್ಟು ಕಾಲ ಕಿವಿರೆತ್ತಿ ನೋಡಿ ಆ ಮಾತು ಹೇಳುತ್ತ ಬಂದವಳಿಗೆ ಮೊದಲು ಸಲ್ಲಬೇಕು.